ಬೆಡ್‌ಶೀಟುಗಳಿಗೆ ಮೊದಲೇ ಗೊತ್ತಿತ್ತು

ಹೋದ ವಾರ ದೋಹಾದ ಪಕ್ಕದ ಲುಸೈಲ್‌ನಲ್ಲಿ, ನಾನು ಈಗ ಕೆಲಸ ಮಾಡುವ ಹೋಟೆಲಿನ ನೆಲಮಾಳಿಗೆಯಲ್ಲಿ, ಸರ್ವಿಸ್ ಲಿಫ್ಟಿನ ಬಾಗಿಲು ತೆರೆದಾಗ ಒಳಗಿದ್ದದ್ದು ಒಂದೇ ಟ್ರಾಲಿ. ಅದರ ತಳದಲ್ಲಿ ಹತ್ತು ಹನ್ನೆರಡು ಬೆಡ್‌ಶೀಟುಗಳು. ಆ ಹೊತ್ತಿಗೆ ನಾಲ್ಕು ಟ್ರಾಲಿ ತುಂಬಿ ಬರಬೇಕು. ನನ್ನ ಬೆನ್ನ ಹಿಂದೆ ಇಸ್ತ್ರಿಯ ರೋಲರ್ ತಿರುಗುತ್ತಿತ್ತು. ಒದ್ದೆ ಹತ್ತಿಬಟ್ಟೆ ಕಾದ ಲೋಹಕ್ಕೆ ತಾಗಿದಾಗ ಒಂದು ವಾಸನೆ ಏಳುತ್ತದೆ, ತಳ ಹಿಡಿದ ಗಂಜಿಯ ಹಾಗೆ. ಆ ವಾಸನೆ, ಈ ಖಾಲಿ ಟ್ರಾಲಿ, ಎರಡೂ ಒಟ್ಟಿಗೆ ಬಂದವು. ಮೇಲಿನ ಮಹಡಿಗೆ ಫೋನ್ ಮಾಡಿ ಕೇಳಿದೆ. ಇನ್ನೊಂದು ಲಿಫ್ಟ್ ಕೆಟ್ಟು ನಿಂತಿದೆ, ಬಟ್ಟೆ ಅಲ್ಲೇ ಸಿಕ್ಕಿಕೊಂಡಿದೆ ಎಂದರು. ಅಷ್ಟೇ. ಆದರೂ ಬಟ್ಟೆ ಬಂದು ತಲುಪುವ ತನಕ ನಾನು ಲಿಫ್ಟಿನ ಬಾಗಿಲು ಬಿಟ್ಟು ಕದಲಲಿಲ್ಲ.

ಖಾಲಿ ಟ್ರಾಲಿ ಕಂಡರೆ ಹೆದರುವವನು ನಾನಾದದ್ದು 2025ರ ಬೇಸಿಗೆಯಲ್ಲಿ.

ಆಗ ನಾನು ದೋಹಾದ ಇಂಡಸ್ಟ್ರಿಯಲ್ ಏರಿಯಾದ ದೊಡ್ಡದೊಂದು ಲಾಂಡ್ರಿಯಲ್ಲಿ ಸೂಪರ್‌ವೈಸರ್ ಆಗಿದ್ದೆ. ಆ ಹೊತ್ತಿಗೆ ಅಲ್ಲಿ ಹನ್ನೊಂದು ವರ್ಷ ಕಳೆದಿತ್ತು. ಹೋಟೆಲುಗಳ ಬಟ್ಟೆ, ಕ್ಲಿನಿಕ್ಕುಗಳ ಬಟ್ಟೆ ಎಲ್ಲ ಬರುತ್ತಿತ್ತು. ಆದರೆ ನಮ್ಮ ದೊಡ್ಡ ಕೆಲಸ ಅಮೆರಿಕನ್ನರದು. ಊರಿನಿಂದ ಹೊರಗೆ ಮರಳುಗಾಡಿನಲ್ಲಿ ಅವರ ವಾಯುನೆಲೆ ಇದೆ. ನಾವು ಅದನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ‘ಕ್ಯಾಂಪ್’ ಎನ್ನುತ್ತಿದ್ದೆವು. ಒಳಗೆ ನಮ್ಮಲ್ಲಿ ಯಾರೂ ಕಾಲಿಟ್ಟವರಲ್ಲ. ಗೇಟಿನ ಹೊರಗೆ ಒಂದು ಯಾರ್ಡ್ ಇತ್ತು. ನಡುವಿನ ಒಂದು ಕಂಪನಿಯವರು ಅಲ್ಲಿ ಬಟ್ಟೆ ಕೊಟ್ಟು ಬಟ್ಟೆ ತೆಗೆದುಕೊಳ್ಳುತ್ತಿದ್ದರು. ಸಂಜೆ ಐದಕ್ಕೆ ನಮ್ಮ ಗಾಡಿ ಒಗೆದ ಬಟ್ಟೆ ಹೊತ್ತು ಹೊರಡುತ್ತಿತ್ತು, ಏಳರೊಳಗೆ ಕೊಳೆ ಬಟ್ಟೆ ಹೊತ್ತು ಮರಳುತ್ತಿತ್ತು. ಮರುದಿನ ಬೆಳಿಗ್ಗೆ ಆರಕ್ಕೆ ನಾನು ಅದನ್ನು ಎಣಿಸುತ್ತಿದ್ದೆ.

ಗಾಡಿಯ ಚಾಲಕ ಹಮೀದ್, ಉಳ್ಳಾಲದ ಕಡೆಯವರು. ನನಗಿಂತ ಹತ್ತು ವರ್ಷ ದೊಡ್ಡವರು. ಹಿರಿಯ ಬ್ಯಾರಿಗಳನ್ನು ನಮ್ಮಲ್ಲಿ ಕರೆಯುವ ಹಾಗೆ ನಾನು ಅವರನ್ನು ಹಮೀದಾಕ ಎನ್ನುತ್ತಿದ್ದೆ. ಅವರು ನನ್ನನ್ನು ವಿಠಲಣ್ಣ ಎನ್ನುತ್ತಿದ್ದರು, ಸಿಟ್ಟು ಬಂದಾಗ ಸೂಪರ್‌ವೈಸರೇ ಎನ್ನುತ್ತಿದ್ದರು. ಕೊಲ್ಲಿಗೆ ಬಂದು ಮೂವತ್ತು ವರ್ಷ ದಾಟಿದ್ದರೂ ಅವರ ಗಡಿಯಾರ ಊರಿನದೇ. ಬೇಸಿಗೆಯ ಬಿಸಿಲಿಗೆ ಗಾಡಿಯ ಸ್ಟೀರಿಂಗ್ ಮುಟ್ಟಲಾಗದಷ್ಟು ಕಾದಿರುತ್ತಿತ್ತು. ಅವರು ಹೆಗಲ ಮೇಲಿನ ಬೈರಾಸನ್ನು ಒದ್ದೆ ಮಾಡಿ ಅದಕ್ಕೆ ಸುತ್ತಿ ಓಡಿಸುತ್ತ, ‘ಇವತ್ತು ಊರಲ್ಲಿ ಮಳೆ ಹೊಡೀತಾ ಉಂಟು’ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಯಾರ್ಡಿನಲ್ಲಿ ಬಟ್ಟೆ ಪರೀಕ್ಷಿಸುತ್ತಿದ್ದವರು ಒಬ್ಬ ವಯಸ್ಸಾದ ಅಮೆರಿಕನ್. ಸೈನ್ಯದಿಂದ ನಿವೃತ್ತರಾಗಿ ಆ ಕಂಪನಿ ಸೇರಿದವರು. ಹಮೀದಾಕ ಅವರಿಗೆ ‘ಪಟೇಲರು’ ಎಂದು ಹೆಸರಿಟ್ಟಿದ್ದರು. ಶೀಟಿನ ಒಂದು ಮೂಲೆಯಲ್ಲಿ ಸಾಸಿವೆಯಷ್ಟು ಕಲೆ ಕಂಡರೂ ಪಟೇಲರು ಇಡೀ ಕಟ್ಟನ್ನು ಹಿಂದೆ ಕಳಿಸುತ್ತಿದ್ದರು. ನಮಗೆ ಸಿಟ್ಟು ಬರುತ್ತಿತ್ತು, ಗೌರವವೂ ಇತ್ತು. ಏಕೆಂದರೆ ಅವರಿಗೆ ಇನ್ನೊಂದು ಅಭ್ಯಾಸವಿತ್ತು. ದೂಳಿನ ಗಾಳಿ ಏಳುವ ದಿನ, ಚಳಿಗಾಲದಲ್ಲಿ ಮಂಜು ಕವಿಯುವ ದಿನ, ಒಳಗೆ ಏನೋ ಕವಾಯತು ನಡೆದು ರಸ್ತೆ ಮುಚ್ಚುವ ದಿನ, ಮೂರು ಗಂಟೆಯೊಳಗೆ ನನಗೆ ಫೋನ್ ಬರುತ್ತಿತ್ತು. ಇವತ್ತು ನಿಮ್ಮ ಡ್ರೈವರನ್ನು ಕಳಿಸಬೇಡಿ. ಕಾರಣ ಹೇಳುತ್ತಿರಲಿಲ್ಲ, ನಾವು ಕೇಳುತ್ತಲೂ ಇರಲಿಲ್ಲ. ಇಷ್ಟು ದೊಡ್ಡ ಶಕ್ತಿಯೊಂದು ಒಂದು ಲಾಂಡ್ರಿ ಗಾಡಿಯನ್ನು ನೆನಪಿಟ್ಟುಕೊಂಡಿದೆ ಎಂಬುದೇ ನಮಗೆ ಸಾಕಿತ್ತು. ಆಕಾಶದಲ್ಲಿ ಹೋಗುವ ವಿಮಾನಗಳಿಗಿಂತ ಆ ಫೋನ್ ಕರೆಯನ್ನು ನಾನು ಹೆಚ್ಚು ನಂಬಿದ್ದೆ.

ಬಟ್ಟೆ ಒಗೆಯುವವನಿಗೆ ಬೇಡವೆಂದರೂ ಸುದ್ದಿ ತಿಳಿಯುತ್ತದೆ. ನಾನು ಸೇರಿದ ಹೊಸತರಲ್ಲಿ ಬರುತ್ತಿದ್ದ ಶೀಟುಗಳು ದಪ್ಪ ಹತ್ತಿಯವು, ಕೈಗೆ ಭಾರ. ವರ್ಷ ಹೋದಂತೆ ತೆಳುವಾದವು, ನೈಲಾನಿನ ಹಾಗೆ ಜಾರತೊಡಗಿದವು. ಒಂದು ಕಾಲದಲ್ಲಿ ಹರಿದದ್ದನ್ನು ಎಸೆಯಲು ಹೇಳುತ್ತಿದ್ದ ಪಟೇಲರು ಆಮೇಲೆ ಹೊಲಿದು ಕೊಡಿ ಎಂದರು. 2021ರ ಆಗಸ್ಟಿನಲ್ಲಿ, ಅಮೆರಿಕನ್ನರು ಅಫ್ಘಾನಿಸ್ತಾನ ಬಿಟ್ಟುಬಂದ ಆ ದಿನಗಳಲ್ಲಿ, ನಾವು ಹತ್ತು ದಿನ ಮೂರು ಪಾಳಿ ದುಡಿದೆವು. ಅಲ್ಲಿಂದ ಓಡಿಬಂದ ಕುಟುಂಬಗಳನ್ನು ಕ್ಯಾಂಪಿಗೇ ತಂದಿದ್ದರು. ಬಂದ ಶೀಟುಗಳಲ್ಲಿ ಮಕ್ಕಳ ಮೂತ್ರದ ವಾಸನೆ. ಒಂದು ದಿಂಬಿನ ಕವರಿನೊಳಗೆ ಮರೆತ ಬಾದಾಮಿ, ಒಂದು ಬೀಗದ ಕೈ. ಯಾವ ಮನೆಯದೋ. ಅದನ್ನು ಪಟೇಲರಿಗೆ ಕಳಿಸಿದೆ. ಅವರು ಅದನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರಂತೆ, ಹಮೀದಾಕ ಹೇಳಿದ್ದು. ಬೆಡ್‌ಶೀಟಿನ ನೂಲಿನಿಂದ ಒಂದು ಸಾಮ್ರಾಜ್ಯದ ಆಯುಸ್ಸು ಅಳೆಯಬಾರದು, ನನಗೂ ಗೊತ್ತು. ನನ್ನ ಕೈಗೆ ಬಂದದ್ದು ಅಷ್ಟು, ಅಷ್ಟನ್ನು ಹೇಳುತ್ತಿದ್ದೇನೆ.

ಇದನ್ನೆಲ್ಲ ನಾನು ಆಗ ಯಾರಿಗೂ ಹೇಳುತ್ತಿರಲಿಲ್ಲ. ನಾವು ಮಡಿವಾಳರು. ನನ್ನ ಅಜ್ಜಿ ಮೂಲ್ಕಿಯ ಹತ್ತಿರ ಹದಿನಾಲ್ಕು ಮನೆಗಳ ಬಟ್ಟೆ ಒಗೆಯುತ್ತಿದ್ದಳು. ಯಾವ ಮನೆಯ ಸೊಸೆ ಬಸುರಿ, ಯಾವ ಮನೆಯ ಯಜಮಾನ ರಕ್ತ ಕೆಮ್ಮುತ್ತಿದ್ದಾನೆ, ಆಯಾ ಮನೆಯವರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ಒಂದು ಮನೆಯ ಬಟ್ಟೆಯ ಮಾತು ಇನ್ನೊಂದು ಮನೆಯ ಅಂಗಳದಲ್ಲಿ ಬರಬಾರದು ಎಂಬುದು ಅವಳ ನಿಯಮ. ಅದು ನಮ್ಮ ಕುಲದ ಮರ್ಯಾದೆ ಎಂದು ನಂಬಿ ಬೆಳೆದವನು ನಾನು. ಲಾಂಡ್ರಿಗೆ ಸೇರುವಾಗ ಕ್ಯಾಂಪಿನ ಬಗ್ಗೆ ಹೊರಗೆ ಮಾತಾಡಬಾರದೆಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಆ ಕಾಗದ ಇಲ್ಲದಿದ್ದರೂ ನಾನು ಮಾತಾಡುತ್ತಿರಲಿಲ್ಲ.

2025ರ ಜೂನ್ ನಡುವಿಗೆ ಇಸ್ರೇಲ್ ಇರಾನಿನ ಮೇಲೆ ದಾಳಿ ಶುರುಮಾಡಿತ್ತು. ದೋಹಾದಲ್ಲಿ ಮಾತ್ರ ಎಲ್ಲ ಎಂದಿನಂತೆ. ಬಿನ್ ಒಮ್ರಾನ್‌ನಲ್ಲಿ ನಮ್ಮ ಫ್ಲಾಟಿನ ಕೆಳಗಿನ ಅಂಗಡಿಯಲ್ಲಿ ಮಾವಿನಹಣ್ಣಿನ ಪೆಟ್ಟಿಗೆಗಳು ಬಂದಿದ್ದವು. ರಜೆಗೆ ಊರಿಗೆ ಹೋಗುವವರು ಸೂಟ್‌ಕೇಸ್ ತೂಗಿಸುತ್ತಿದ್ದರು. ಗಾಳಿಯಲ್ಲಿ ಎಷ್ಟು ನೀರಿತ್ತೆಂದರೆ ಬೆಳಿಗ್ಗೆ ಆರಕ್ಕೇ ಕನ್ನಡಕ ಮಬ್ಬಾಗುತ್ತಿತ್ತು.

ಅಂಥ ಒಂದು ಬೆಳಿಗ್ಗೆ ಕ್ಯಾಂಪಿನಿಂದ ದಿನದ ಮೂರು ಪಟ್ಟು ಬಟ್ಟೆ ಬಂದಿತ್ತು. ಮರುದಿನವೂ ಹಾಗೆಯೇ. ಎರಡು ಸಂಗತಿ ನನ್ನ ಕಣ್ಣಿಗೆ ಬಿದ್ದವು. ದಿಂಬಿನ ಕವರುಗಳ ಜೊತೆ ದಿಂಬುಗಳೂ ಬಂದಿದ್ದವು. ಎಷ್ಟೋ ಶೀಟುಗಳು ಯಾರೂ ಮಲಗಿಯೇ ಇಲ್ಲದವು, ನಾವು ಹಾಕಿದ ಮಡಿಕೆಯ ಗೆರೆ ಹಾಗೇ ಇತ್ತು. ಹಾಸಿದ್ದನ್ನು, ಹಾಸಲು ಇಟ್ಟದ್ದನ್ನು, ಎಲ್ಲವನ್ನೂ ಒಟ್ಟಿಗೆ ಬಾಚಿ ಕಳಿಸಿದ್ದರು. ಮೂರನೆಯ ದಿನ ಬಂದದ್ದು ಬರೀ ಎರಡು ಟ್ರಾಲಿ. ನಾಲ್ಕನೆಯ ದಿನ ಅರ್ಧ ಟ್ರಾಲಿ.

ನನಗೆ ಆಗ ಏನು ಹೊಳೆಯಬೇಕಿತ್ತು ಎಂಬುದು ಈಗ ಮಗುವಿಗೂ ಗೊತ್ತಾಗುತ್ತದೆ. ಮಲಗುವವರು ಎದ್ದು ಹೋಗಿದ್ದರು. ಆದರೆ ನಾನು ಲಾಂಡ್ರಿಯವನು. ಬಟ್ಟೆ ಕಡಿಮೆಯಾದರೆ ಲಾಂಡ್ರಿಯವನಿಗೆ ಒಂದೇ ಅರ್ಥ: ಗಿರಾಕಿ ಬೇರೆಯವರ ಹತ್ತಿರ ಹೋಗುತ್ತಿದ್ದಾನೆ. ನಮ್ಮ ಬೀದಿಯಲ್ಲೇ ಹೊಸ ಯಂತ್ರ ತಂದ ಇನ್ನೊಂದು ಲಾಂಡ್ರಿ ಇತ್ತು. ಇದ್ದ ಬಟ್ಟೆಯನ್ನೆಲ್ಲ ನಮ್ಮಿಂದ ಒಮ್ಮೆಗೇ ಒಗೆಸಿಕೊಂಡು, ಮುಂದಿನ ವಾರದಿಂದ ಅವರಿಗೆ ಕೊಡುತ್ತಾರೆ ಎಂದೇ ನಿರ್ಧರಿಸಿದೆ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಕ್ಷಿಪಣಿಗಳ ಸುದ್ದಿ ಟಿವಿಯಲ್ಲಿ ಬರುತ್ತಿದ್ದಾಗ ನಾನು ಆ ಹೊಸ ಲಾಂಡ್ರಿಯ ಮಡಿಕೆ ನಮ್ಮದಕ್ಕಿಂತ ಚೆನ್ನಾಗಿದೆಯೋ ಏನೋ ಎಂದು ಯೋಚಿಸುತ್ತಿದ್ದೆ.

ಭಾನುವಾರ ಅಮೆರಿಕ ಇರಾನಿನ ಅಣು ಕೇಂದ್ರಗಳ ಮೇಲೆ ಬಾಂಬು ಹಾಕಿದ ಸುದ್ದಿ ಬಂತು. ಸೋಮವಾರ ನಾನು ಇಪ್ಪತ್ತು ಶೀಟುಗಳನ್ನು ನನ್ನ ಕೈಯಾರೆ ಇಸ್ತ್ರಿ ಮಾಡಿದೆ. ಮೂಲೆಗೆ ಮೂಲೆ ಕೂಡಿಸಿ ಮಡಿಸಿ, ಹೊಸ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹಮೀದಾಕನನ್ನು ಕರೆದೆ.

“ಇದನ್ನು ಪಟೇಲರ ಕೈಗೇ ಕೊಡಬೇಕು. ಬೇರೆ ಯಾರಿಗೂ ಅಲ್ಲ.”

ಅವರು ಕಟ್ಟನ್ನು ಎತ್ತಿ ನೋಡಿದರು. “ಇದೆಂತ, ಮದುಮಗಳ ಸೀರೆಯಾ?”

“ತಮಾಷೆ ಬೇಡ ಹಮೀದಾಕ. ಕೆಲಸ ಹೋಗ್ತಾ ಉಂಟು ನಮ್ಮದು.”

“ಪಟೇಲರು ಎರಡು ದಿನದಿಂದ ಕೌಂಟರಿಗೆ ಬರ್ಲಿಲ್ಲ. ಒಂದು ನೇಪಾಳಿ ಹುಡುಗಿ ಮಾತ್ರ ಇರೋದು. ನಿನ್ನೆ ಅವಳೂ ಬೇಗ ಹೋದಳು.”

“ಬರುವ ತನಕ ಕಾಯಿರಿ. ತೋರಿಸಿಯೇ ಬನ್ನಿ.”

“ಎಷ್ಟು ಹೊತ್ತು?”

“ಎಷ್ಟಾದರೂ ಆಗಲಿ.”

“ಸರಿ ಸೂಪರ್‌ವೈಸರೇ,” ಎಂದರು.

ಆ ಮಾತಾಡುವಾಗ ನನ್ನ ಫೋನಿನಲ್ಲಿ ಒಂದು ಸಂದೇಶ ಆಗಲೇ ಬಂದು ಬಿದ್ದಿತ್ತು. ಅಮೆರಿಕದ ರಾಯಭಾರ ಕಚೇರಿ ಕತಾರಿನಲ್ಲಿರುವ ತನ್ನ ಪ್ರಜೆಗಳಿಗೆ ಇದ್ದಲ್ಲೇ ಇರಿ, ಹೊರಗೆ ಬರಬೇಡಿ ಎಂದು ಹೇಳಿದೆ ಅಂತ. ಅದನ್ನು ನಾನು ಪೂರ್ತಿ ಓದಿದೆ. ಓದಿ, ನಾವು ಅಮೆರಿಕನ್ನರಲ್ಲವಲ್ಲ ಎಂದುಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಾನು ಅಂದುಕೊಂಡದ್ದು ಇದೇ. ಏನಾದರೂ ಇದ್ದರೆ ಪಟೇಲರು ಫೋನ್ ಮಾಡುತ್ತಿದ್ದರು. ಮಂಜು ಬಿದ್ದರೂ ಮಾಡುವವರು. ಮೂರು ಗಂಟೆ ಕಳೆದು ಬಹಳ ಹೊತ್ತಾಗಿತ್ತು, ಫೋನ್ ಬಂದಿರಲಿಲ್ಲ. ಹಾಗಾಗಿ ಏನೂ ಇಲ್ಲ. ಐದಕ್ಕೆ ಗಾಡಿ ಹೊರಟಿತು.

ಏಳಕ್ಕೆ ಸ್ವಲ್ಪ ಮೊದಲು ವಿಮಾನಗಳೆಲ್ಲ ನಿಂತಿವೆ, ದೇಶದ ಆಕಾಶವನ್ನೇ ಮುಚ್ಚಿದ್ದಾರೆ ಎಂದು ಇಸ್ತ್ರಿ ವಿಭಾಗದವನೊಬ್ಬ ಫೋನ್ ತೋರಿಸಿದ. ನಾನು ಹಮೀದಾಕನಿಗೆ ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ನಾನು ಅಂಗಳಕ್ಕೆ ಬಂದೆ. ಕತ್ತಲಾಗಿತ್ತು, ಬಿಸಿ ಮಾತ್ರ ಇಳಿದಿರಲಿಲ್ಲ. ಏಳೂವರೆಯ ಸುಮಾರಿಗೆ ಆಕಾಶದಲ್ಲಿ ಕಿತ್ತಳೆ ಬಣ್ಣದ ಚುಕ್ಕಿಗಳು ಸಾಲಾಗಿ ಕಂಡವು. ಆಮೇಲೆ ಬೆಳಕು ಒಡೆಯಿತು. ಆಮೇಲೆ ಶಬ್ದ. ಮೊದಲ ಶಬ್ದಕ್ಕೆ ನಮ್ಮ ತಗಡಿನ ಬಾಗಿಲು ನಡುಗಿತು. ಅಂಗಳದಲ್ಲಿ ಮೂವತ್ತು ಜನ ಸೇರಿದ್ದರು. ಯಾರೋ ವಿಡಿಯೋ ಮಾಡುತ್ತಿದ್ದರು. ಒಳಗೆ ರೋಲರ್ ಖಾಲಿ ತಿರುಗುತ್ತಿತ್ತು, ಬಟ್ಟೆಯಿಲ್ಲದೆ ಕಾದ ಪಟ್ಟಿಯ ವಾಸನೆ ಬರುತ್ತಿತ್ತು. ಹೋಗಿ ಅದನ್ನು ಆರಿಸುವ ಬದಲು ನಾನು ಹಮೀದಾಕನ ನಂಬರನ್ನೇ ಮತ್ತೆ ಮತ್ತೆ ಒತ್ತುತ್ತಿದ್ದೆ. ಆ ಬೆಳಕುಗಳು ಯಾವ ದಿಕ್ಕಿನಲ್ಲಿ ಬೀಳುತ್ತಿವೆ ಎಂದು ನನಗೆ ಗೊತ್ತಿತ್ತು. ಅಲ್ಲಿ ಇಪ್ಪತ್ತು ಶೀಟು ಹಿಡಿದು ಕಾಯಲು ಒಬ್ಬ ಮನುಷ್ಯನನ್ನು ಕಳಿಸಿದವನು ನಾನು.

ಒಂದೂವರೆ ಗಂಟೆಯ ನಂತರ ಹಮೀದಾಕನ ಗಾಡಿ ಬಂತು. ಅವರು ಇಳಿದು, ಬಾಗಿಲು ಹಾಕಿ, ಬೀಗ ತಿರುಗಿಸಿ, ಬೀಗ ಬಿದ್ದಿದೆಯೇ ಎಂದು ಎಳೆದು ನೋಡಿದರು. ಅಂಗಿಯ ಮುಂಭಾಗ, ಗಡ್ಡ, ಎಲ್ಲ ಮರಳು.

“ಎಂತ ಆಯ್ತು?” ಎಂದೆ.

“ಎಂತ ಆಗ್ಲಿಲ್ಲ.” ನೀರು ಕುಡಿದರು. “ಗಾಡಿಯ ಅಡಿಗೆ ಮಲಗಿದ್ದೆ. ಮೊದಲು ಜಾತ್ರೆಯಲ್ಲಿ ಗರ್ನಾಲ್ ಪಟಾಕಿ ಹೊಡೆದ ಹಾಗೆ ಕೇಳಿತು. ನಾನೊಬ್ಬನೇ ಅಲ್ಲ ಮಾರಾಯ್ರೆ. ನೀರಿನ ಟ್ಯಾಂಕರಿನವ ಇದ್ದ, ತರಕಾರಿಯವ ಇದ್ದ, ಕಸದ ಗಾಡಿಯ ಬಂಗಾಳಿ ಇದ್ದ. ಸಾಲಿನಲ್ಲಿ ಆರು ಗಾಡಿ. ಕೌಂಟರ್ ಬಂದ್. ಒಳಗೆ ಮನುಷ್ಯರೇ ಇಲ್ಲ. ನಾವು ಆರು ಜನ ಹೊರಗೆ ಪಹರೆ ಕಾಯ್ತಾ ಇದ್ದ ಹಾಗೆ.”

ಅಂದು ಸತ್ತವರು ಯಾರೂ ಇಲ್ಲ, ಹೆಚ್ಚಿನ ಕ್ಷಿಪಣಿಗಳನ್ನು ಆಕಾಶದಲ್ಲೇ ಹೊಡೆದರು ಎಂದು ಮರುದಿನ ಸುದ್ದಿ. ದಾಳಿ ಮಾಡಿದ ಇರಾನಿನವರು ಮೊದಲೇ ತಿಳಿಸಿದ್ದರಂತೆ. ನೆಲೆಯ ವಿಮಾನಗಳನ್ನು ಅದಕ್ಕೂ ಕೆಲವು ದಿನ ಮೊದಲೇ ಸಾಗಿಸಿದ್ದರಂತೆ. ತಿಳಿಸಿದವರಿಗೆ ಗೊತ್ತಿತ್ತು, ತಿಳಿದುಕೊಂಡವರಿಗೆ ಗೊತ್ತಿತ್ತು. ತರಕಾರಿ, ನೀರು, ಕಸ, ಬೆಡ್‌ಶೀಟ್, ಇವು ಮಾತ್ರ ಎಂದಿನಂತೆ ಸಮಯಕ್ಕೆ ಸರಿಯಾಗಿ ಹೋಗಿ ನಿಂತಿದ್ದವು.

ನಾಲ್ಕು ದಿನ ಬಿಟ್ಟು ಪಟೇಲರ ಫೋನ್ ಬಂತು. ದನಿ ಇಳಿದಿತ್ತು. ನಿಮ್ಮ ಡ್ರೈವರ್ ಅಲ್ಲಿದ್ದನೆಂದು ಕೇಳಿದೆ, ಕ್ಷೇಮವೇ ಎಂದರು. ನಾನು ಹೌದೆಂದೆ. ಅದಕ್ಕೆ ಅವರು, ನನ್ನನ್ನೂ ಇದ್ದಕ್ಕಿದ್ದಂತೆ ಕಳಿಸಿಬಿಟ್ಟರು, ಯಾರಿಗೂ ಹೇಳಬಾರದೆಂದು ಆಜ್ಞೆಯಿತ್ತು, ಹಿಂದೆಲ್ಲ ಹೀಗಿರಲಿಲ್ಲ ಎಂದರು. ಹಿಂದೆಲ್ಲ ಹೀಗಿರಲಿಲ್ಲ ಎಂಬುದನ್ನು ಎರಡು ಸಲ ಹೇಳಿದರು. ಆಮೇಲೆ ಬಟ್ಟೆ ಸೋಮವಾರದಿಂದ ಬರುತ್ತದೆ ಎಂದರು. ಹೊಸ ಲಾಂಡ್ರಿಯ ಮಾತೇ ಇರಲಿಲ್ಲ.

ಫೋನಿಟ್ಟ ಮೇಲೆ ನನಗೆ ಅವರ ಮೇಲೆ ಕೆಂಡದಂಥ ಸಿಟ್ಟು ಬಂತು. ಗೋದಾಮಿನಲ್ಲಿ ಹಮೀದಾಕ ಟ್ರಾಲಿ ಜೋಡಿಸುತ್ತಿದ್ದರು. ಹೋಗಿ ಎಲ್ಲ ಹೇಳಿದೆ. ನೋಡಿ, ಇಷ್ಟು ವರ್ಷದ ಸಂಬಂಧ, ಒಂದು ಫೋನ್ ಮಾಡಲಿಕ್ಕೆ ಆಗಲಿಲ್ಲ ಇವರಿಗೆ, ಎಂದೆ. ಅವರು ಟ್ರಾಲಿ ಬಿಟ್ಟು ನೆಟ್ಟಗೆ ನಿಂತರು.

“ವಿಠಲಣ್ಣ, ಒಂದು ಕೇಳ್ತೇನೆ. ಆ ವಾರ ಬಟ್ಟೆ ಎಣಿಸಿದ್ದು ನೀವಲ್ವಾ?”

“ಹೌದು.”

“ಕಡಿಮೆ ಆದದ್ದು ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ದಿಂಬು ಸಮೇತ ಬಂದದ್ದು?”

“ಅದೂ.”

ಹೊಸ ಲಾಂಡ್ರಿಯ ಭಯ, ಅಜ್ಜಿಯ ನಿಯಮ, ಸಹಿ ಹಾಕಿದ ಕಾಗದ, ಎಲ್ಲವನ್ನೂ ಹೇಳಲು ಬಾಯಿ ತೆರೆದೆ. ಹೊರಗೆ ಬಂದದ್ದು, “ನನಗೆ ಹಾಗೆ ಹೊಳೀಲಿಲ್ಲ” ಎಂಬ ಮಾತು. ಅದು ನಿಜವೂ ಹೌದು. ಆದರೆ ಅರ್ಧ ನಿಜ. ಮನುಷ್ಯರು ಖಾಲಿಯಾಗುತ್ತಿದ್ದಾರೆ ಎಂಬುದು ನನ್ನ ಮನಸ್ಸಿನ ಅಂಚಿನಲ್ಲಿ ಒಂದು ಕ್ಷಣ ಬಂದು ನಿಂತಿತ್ತು. ಅದು ಕ್ಯಾಂಪಿನ ಮಾತು, ನಮಗೇಕೆ ಎಂದು ನಾನೇ ಅದನ್ನು ಅಂಗಳದಿಂದ ಹೊರಗೆ ಕಳಿಸಿದ್ದೆ.

ಹಮೀದಾಕ ಬಯ್ಯಲಿಲ್ಲ. “ಅವರ ಮೇಲಿನವರು ಪಟೇಲರ ಬಾಯಿ ಕಟ್ಟಿದರು. ಪಟೇಲರು ನಿಮಗೆ ಹೇಳ್ಲಿಲ್ಲ. ನೀವು ನನಗೆ ಹೇಳ್ಲಿಲ್ಲ. ನನ್ನ ಕೆಳಗೆ ಯಾರೂ ಇಲ್ಲ ನೋಡಿ, ಹಾಗಾಗಿ ಅದು ನನ್ನಲ್ಲಿಗೆ ನಿಂತಿತು,” ಎಂದು ಮತ್ತೆ ಟ್ರಾಲಿ ಹಿಡಿದರು.

ದೊಡ್ಡ ಶಕ್ತಿ ಕುಸಿಯುವುದೆಂದರೆ ಕೋಟೆ ಬೀಳುವ ಹಾಗೆ ಇರುತ್ತದೆಂದು ನಾನು ತಿಳಿದಿದ್ದೆ. ಹಾಗೇನೂ ಅಲ್ಲ. ವಿಮಾನಗಳು ಇದ್ದೇ ಇದ್ದವು, ಬಾವುಟ ಇದ್ದೇ ಇತ್ತು. ತನ್ನ ನೆರಳಿನಲ್ಲಿ ನಿಂತವರಿಗೆ ಒಂದು ಮಾತು ಹೇಳುವ ಅಭ್ಯಾಸ ಮೊದಲು ಹೋಗುತ್ತದೆ. ಆ ಅಭ್ಯಾಸ ಹೋದದ್ದು ಮೇಲಿನಿಂದ ಒಂದೊಂದೇ ಮೆಟ್ಟಿಲು ಇಳಿದು ನನ್ನಂಥವನವರೆಗೂ ಬರುತ್ತದೆ.

ಅಂದಿನಿಂದ ಹಮೀದಾಕ ಐದು ಗಂಟೆಗೆ ಗಾಡಿ ಹತ್ತುವ ಮೊದಲು ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದರು. “ಇವತ್ತು ಎಷ್ಟು?” ನಾನು ಆ ಬೆಳಿಗ್ಗೆಯ ಸಂಖ್ಯೆ ಹೇಳುತ್ತಿದ್ದೆ. ಅವರು ತಲೆಯಾಡಿಸಿ ಹೋಗುತ್ತಿದ್ದರು. ಅಜ್ಜಿಯ ನಿಯಮ ಹೀಗೆ ಮುರಿಯಿತು. ನನಗೆ ಹಗುರವೇನೂ ಆಗಲಿಲ್ಲ.

ಸೆಪ್ಟೆಂಬರಿನ ಒಂದು ಮಂಗಳವಾರ, ಬಿಸಿಲಿರುವಾಗಲೇ, ದೋಹಾದ ನಡುವೆ ಮತ್ತೆ ಶಬ್ದ ಕೇಳಿತು, ಹೊಗೆ ಎದ್ದಿತು. ಈ ಸಲ ಬಾಂಬು ಹಾಕಿದ್ದು ಇಸ್ರೇಲ್, ಅದೇ ಅಮೆರಿಕದ ಆಪ್ತ ಮಿತ್ರ. ಕದನವಿರಾಮದ ಮಾತುಕತೆಗೆಂದು ಈ ಊರಿನಲ್ಲಿ ಕುಳಿತಿದ್ದ ಅದರ ವಿರೋಧಿಗಳ ಮೇಲೆ. ಅಷ್ಟು ದೊಡ್ಡ ನೆಲೆ ಮರಳಿನಲ್ಲಿ ಹಾಗೇ ಇತ್ತು. ಆ ದಿನದ ಬಟ್ಟೆಯಲ್ಲಿ ಒಂದು ಶೀಟೂ ಕಡಿಮೆ ಇರಲಿಲ್ಲ. ಸಂಜೆ ಹಮೀದಾಕ ಬಂದು ಕೇಳಿದಾಗ, ಎಂದಿನಷ್ಟೇ ಎಂದೆ. “ಹಾಗಾದ್ರೆ ಈಗ ಎಣಿಸಿದ್ರೂ ಗೊತ್ತಾಗುದಿಲ್ಲ,” ಎಂದರು.

ನವೆಂಬರಿನಲ್ಲಿ ಒಂದು ಬೆಳಿಗ್ಗೆ ಬಟ್ಟೆ ಅರ್ಧಕ್ಕಿಳಿಯಿತು. ಮೂರು ಸಲ ಎಣಿಸಿದೆ. ಐದು ಗಂಟೆಗೆ ಸಂಖ್ಯೆ ಹೇಳಿದೆ. ಹಮೀದಾಕ ಗಾಡಿಯ ಕೀಲಿಯನ್ನು ಮೇಜಿನ ಮೇಲಿಟ್ಟರು. ನಾನು ‘ಹೋಗಿ’ ಎನ್ನಲಿಲ್ಲ. ಆರಕ್ಕೆ ಪಟೇಲರ ಫೋನ್ ಬಂತು, ಗಾಡಿ ಎಲ್ಲಿ ಎಂದು. ಬರುವುದಿಲ್ಲ ಎಂದೆ. ಏಕೆ ಎಂದರು. ನೀವೇ ಹೇಳಿ ಎಂದೆ. ಅವರಿಗೆ ಅರ್ಥವಾಯಿತೆಂದು ಕಾಣುತ್ತದೆ. ಏನೂ ಇಲ್ಲ, ನಂಬಿ, ಎಂದರು. ನಂಬಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

ನಿಜವಾಗಿಯೂ ಏನೂ ಇರಲಿಲ್ಲ. ಒಂದು ತುಕಡಿ ಹೋಗಿ ಇನ್ನೊಂದು ಬರುವ ನಡುವಿನ ಎರಡು ದಿನ, ಅಷ್ಟೇ. ಸಮಯಕ್ಕೆ ಬಟ್ಟೆ ಕೊಡಲಿಲ್ಲವೆಂದು ತಿಂಗಳೊಳಗೆ ಆ ಕೆಲಸ ನಮ್ಮ ಕೈಬಿಟ್ಟು ಬೀದಿಯ ಹೊಸ ಲಾಂಡ್ರಿಗೆ ಹೋಯಿತು. ನಾನು ಲುಸೈಲ್‌ನ ಹೋಟೆಲಿಗೆ ಬಂದೆ. ಹಮೀದಾಕ ಈಗ ಅಬು ಹಮೂರ್‌ನಲ್ಲಿ ಶಾಲೆಯ ವ್ಯಾನು ಓಡಿಸುತ್ತಾರೆ. ಆದರೆ ಕೀಲಿ ಮೇಜಿನ ಮೇಲಿಟ್ಟ ಆ ಸಂಜೆ ನಮಗಿಬ್ಬರಿಗೂ ಇದಾವುದೂ ಗೊತ್ತಿರಲಿಲ್ಲ. ನಾವು ಲಾಂಡ್ರಿಯ ಟೆರೇಸಿಗೆ ಹತ್ತಿ, ಕ್ಯಾಂಪಿರುವ ಪಶ್ಚಿಮಕ್ಕೆ ಮುಖ ಮಾಡಿ, ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ಕುಳಿತೆವು. ಗಾಳಿ ತಣ್ಣಗಿತ್ತು. ರಾತ್ರಿಯ ಇಶಾ ನಮಾಜಿನ ಅಜಾನ್ ಮುಗಿಯಿತು. ಆಕಾಶದಲ್ಲಿ ವಿಮಾನ ನಿಲ್ದಾಣಕ್ಕೆ ಇಳಿಯುವ ದೀಪಗಳು ಮಾತ್ರ.

“ಬರ್ಲಿಲ್ಲ,” ಎಂದರು ಹಮೀದಾಕ.

“ಇಲ್ಲ.”

“ಬೇಸರವಾ ನಿಮಗೆ?”

“ಎಂತಕ್ಕೆ?”

“ಬರ್ಲಿಲ್ಲ ಅಂತ.”

ನಾನು ಮತ್ತೆ ಪಶ್ಚಿಮದ ಆಕಾಶದ ಕಡೆ ತಿರುಗಿದೆ. ಅವರು ನನ್ನನ್ನು ನೋಡುತ್ತಿದ್ದರು, ನಗುತ್ತಿರಲಿಲ್ಲ. ನನ್ನ ಎಣಿಕೆ ಸರಿಯಾಗಲೆಂದು ಮನಸ್ಸಿನ ಯಾವುದೋ ಮೂಲೆಯಲ್ಲಿ ನಾನು ಜೂನಿನಲ್ಲಿ ಕಂಡ ಆ ಬೆಳಕಿಗಾಗಿ ಕಾದಿದ್ದೆ. ಅದು ಅವರಿಗೆ ಕಂಡಿತು.

ಎದ್ದು ಪ್ಯಾಂಟಿನ ದೂಳು ಕೊಡವಿಕೊಂಡರು. “ನಾಳೆ ಗಾಡಿ ಉಂಟಾ?”

“ಬೆಳಿಗ್ಗೆ ಎಣಿಸಿ ಹೇಳ್ತೇನೆ.”

ಮೆಟ್ಟಿಲ ತನಕ ಹೋಗಿ ನಿಂತರು.

“ಆರಕ್ಕಲ್ವಾ? ನಾನೂ ಬರ್ತೇನೆ. ಇನ್ನು ಒಬ್ಬರೇ ಎಣಿಸ್ಬೇಡಿ.”